ಮೊದಲನೇ ಎಲೆ, ದೊಡ್ಡ ಇಂಜಿನ್ನು

ಕೆ.ಆರ್. ನಗರದ ದಾಸಯ್ಯನವರ ಮನೆಯಲ್ಲಿ ಅಳಿಯಂದಿರಿಗೆ ಎಲೆ ಹಾಕುವುದಕ್ಕೆ ಒಂದು ಕ್ರಮವಿತ್ತು. ಮೊದಲನೇ ಎಲೆ ಅಡುಗೆಮನೆ ಬಾಗಿಲಿಗೆ ಅಂಟಿದ ಹಾಗೆ. ಅಲ್ಲಿ ಕೂತವನಿಗೆ ಸಾರು ಕುದಿಕುದಿಯುತ್ತಲೇ ಬೀಳುತ್ತದೆ, ನಲ್ಲಿಮೂಳೆ ಆರಿಸಿ ಬೀಳುತ್ತದೆ, ಮುದ್ದೆ ಮುಟ್ಟಿದರೆ ಕೈ ಸುಡುತ್ತದೆ. ಎಲೆ ದೂರ ಹೋದಷ್ಟೂ ಸಾರು ಆರುತ್ತದೆ, ತುಂಡು ಸಣ್ಣದಾಗುತ್ತದೆ, ಪಂಕ್ತಿಯ ಕೊನೆಯಲ್ಲಿ ಕೂತವನಿಗೆ ಆಲೂಗಡ್ಡೆಯೇ ಗತಿ. ಹಿರಿಯ ಅಳಿಯ ಮಹೇಶ್‌ಕುಮಾರ್ ಮದುವೆಯಾದಾಗಿನಿಂದ ಈ ಮೊದಲನೇ ಎಲೆಯಲ್ಲೇ ಉಂಡು ಹೊಟ್ಟೆ ಬೆಳೆಸಿದ್ದ. ಅದು ತನ್ನ ಯೋಗ್ಯತೆಗೆ ಸಂದ ಗೌರವ ಎಂದೇ ಅವನ ನಂಬಿಕೆ. ಆ ಮನೆಗೆ ಬೇರೆ ಅಳಿಯನೇ ಇರಲಿಲ್ಲ ಎಂಬ ಸಣ್ಣ ಸಂಗತಿ ಅವನಿಗೆ ಹೊಳೆದಿರಲಿಲ್ಲ.

ಹೊಳೆದದ್ದು ಎರಡನೇ ಮಗಳು ಸುಧಾಳ ಮದುವೆಯಾದ ಮೇಲೆ. ಅವಳ ಗಂಡ ಕಿರಣ್‌ಕುಮಾರ್ ರೈಲ್ವೆಯಲ್ಲಿ ಟಿಕೆಟ್ ಕೊಡುವ ಕೆಲಸದವನು. ಆ ವರ್ಷ ಯುಗಾದಿಯ ಮಾರನೇ ದಿನ, ಹೊಸತೊಡಕಿನ ಮಾಂಸದೂಟಕ್ಕೆ ಮಹೇಶ್‌ಕುಮಾರ್ ಎಂದಿನಂತೆ ಹೋಗಿ ಮೊದಲನೇ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿದ್ದೇ ತಡ, ಮಾವ ದಾಸಯ್ಯ ಹೆಗಲು ತಟ್ಟಿದರು.

"ಮಯೇಸ, ವಸಿ ಆಚೆ ಜರುಗಪ್ಪಾ. ಕಿರಣ ಇಲ್ಲಿ ಕೂತ್ಕಳ್ಳಿ."

"ಯಾಕ್ ಮಾವ?"

"ರೈಲ್ವೆನೋರು ಕಣಪ್ಪಾ. ಟೇಮಿಗೆ ಸರ್ಯಾಗಿ ಉಣ್ಬೇಕು."

ಕಿರಣ್‌ಕುಮಾರನಿಗೆ ಅಂದು ರಜೆ. ಆದರೂ ಮಹೇಶ್‌ಕುಮಾರ್ ಜರುಗಿದ. ಜರುಗಿದವನ ಎಲೆಗೆ ಆಲೂಗಡ್ಡೆ ಬಿತ್ತು. ಕಿರಣ್‌ಕುಮಾರ್ ಒಳ್ಳೆಯ ಹುಡುಗ. ಮೂಳೆ ಚೀಪುತ್ತ, ಷಡ್ಡಕನ ಬಗ್ಗೆ ಕನಿಕರಪಟ್ಟು ಮಾತಾಡಿಸಿದ. "ನಿಮ್ಮ ಪಿರಿಯಾಪಟ್ಟಣದ ಕಡೆ ರೈಲೇ ಇಲ್ಲ ಅಲ್ವಾ ಅಣ್ಣ? ಪಾಪ, ಬಸ್ಸಲ್ಲೇ ಕುಲುಕಿಸ್ಕೊಂಡು ಬರ್ಬೇಕು."

ಬೈದಿದ್ದರೆ ಮಹೇಶ್‌ಕುಮಾರ್ ತಡೆದುಕೊಳ್ಳುತ್ತಿದ್ದ. 'ಪಾಪ' ಎಂದದ್ದು ಆಲೂಗಡ್ಡೆಯ ಜೊತೆ ಗಂಟಲಲ್ಲಿ ಸಿಕ್ಕಿಕೊಂಡಿತು. "ಇಲ್ಲ ಅಂತ ಯಾರಂದ್ರು? ನೋಡ್ತಾ ಇರಿ, ಆಯುಧಪೂಜೆಗೆ ನಮ್ಮನೇಲೇ ರೈಲು ಓಡಿಸ್ತೀನಿ!" ಎಂದ. ಹೇಗೆ ಓಡಿಸುತ್ತೀಯೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನಿಗೂ ಗೊತ್ತಿರಲಿಲ್ಲ.

ಮಹೇಶ್‌ಕುಮಾರ್ ಪಿರಿಯಾಪಟ್ಟಣ ತಾಲೂಕು ರಾವಂದೂರು ಹೋಬಳಿಯ ಗೊಬ್ಬಳಿಕೊಪ್ಪಲಿನವನು. ರಾವಂದೂರಿನಲ್ಲಿ ಅವನದೊಂದು ಜೆರಾಕ್ಸ್ ಅಂಗಡಿ. ಸರ್ಕಾರದ ಕಾಗದಗಳೆಲ್ಲ ಅವನ ಯಂತ್ರದ ಹೊಟ್ಟೆಯೊಳಗೆ ಹಾದು ಬರುತ್ತಿದ್ದರಿಂದ ಸರ್ಕಾರವೂ ತನ್ನ ಮೂಲಕವೇ ನಡೆಯುತ್ತಿದೆ ಎಂಬ ಭಾವನೆ ಅವನಿಗೆ ಮೆಲ್ಲಗೆ ಬೆಳೆದಿತ್ತು. ಯಾರು ಏನು ಕೇಳಿದರೂ 'ಟೆಕ್ನಿಕಲ್ಲಾಗಿ ನೋಡಿದ್ರೆ' ಎಂದು ಶುರು ಮಾಡುತ್ತಿದ್ದ. ಹಾಗೆ ಶುರು ಮಾಡಿದ ಯಾವ ಮಾತೂ ಎಲ್ಲಿಗೂ ಮುಟ್ಟಿದ ದಾಖಲೆಯಿಲ್ಲ.

ಊರಿಗೆ ವಾಪಸು ಬರುವಾಗ ಹುಣಸೂರಿನಲ್ಲಿ ಬಸ್ಸು ಬದಲಿಸಬೇಕು. ಬಸ್ ಸ್ಟ್ಯಾಂಡಿನ ಹತ್ತಿರ ವಕಾರ್ ಎಂಬುವನ ಆಟದ ಸಾಮಾನಿನ ಅಂಗಡಿ. ಅದರ ಗಾಜಿನ ಹಿಂದೆ ಗುಂಡಗಿನ ಹಳಿಯ ಮೇಲೆ ಪುಟ್ಟ ರೈಲೊಂದು ಸುತ್ತುತ್ತಿತ್ತು. ಮಹೇಶ್‌ಕುಮಾರನಿಗೆ ದಾರಿ ಕಂಡಿತು.

"ಇದು ಮಕ್ಕಳದು. ದೊಡ್ಡದು ಬೇಕು," ಎಂದ.

ವಕಾರ್ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಹೊರದೇಶದ ಮಾದರಿ ಇಂಜಿನ್ನು, ಮೊಳಕ್ಕಿಂತ ಉದ್ದ, ಹೊಟ್ಟೆಯಡಿಯಲ್ಲಿ ಹನ್ನೆರಡು ಚಕ್ರ, ದೀಪ, ಸಿಳ್ಳು. ತರಿಸಿಕೊಡಬಹುದಂತೆ.

"ಈ ಗುಂಡಗಿನ ಹಳಿ ಮೇಲೆ ಅಷ್ಟು ದೊಡ್ಡದು ತಿರುಗ್ತದಾ?"

ವಕಾರ್ ಅಂಥದ್ದೊಂದನ್ನು ಜನ್ಮದಲ್ಲಿ ಮಾರಿರಲಿಲ್ಲ. ಆದರೆ ವ್ಯಾಪಾರದಲ್ಲಿ ಗೊತ್ತಿಲ್ಲ ಎನ್ನುವ ಪದ್ಧತಿಯಿಲ್ಲ. "ತಿರುಗ್ದೆ ಎಲ್ಲಿ ಹೋಗ್ತದೆ ಸಾರ್? ಹಳಿನೇ ಗುಂಡಗೈತೆ. ಅದಕ್ಕೆ ಬೇರೆ ದಾರಿ ಎಲ್ಲೈತೆ?"

ಈ ತರ್ಕ ಮಹೇಶ್‌ಕುಮಾರನಿಗೆ ಟೆಕ್ನಿಕಲ್ಲಾಗಿ ಸರಿಕಂಡಿತು. ಹೊಸ ಜೆರಾಕ್ಸ್ ಯಂತ್ರಕ್ಕೆಂದು ಕೂಡಿಟ್ಟ ಹಣ ಇಂಜಿನ್ನಿಗೂ ಆ ಗುಂಡಗಿನ ಹಳಿಗೂ ಹೋಯಿತು. ಹೆಂಡತಿ ಸುಕನ್ಯಳಿಗೆ ವಿಷಯ ತಿಳಿದದ್ದು ಪೆಟ್ಟಿಗೆ ಮನೆಗೆ ಬಂದಾಗ. ಅವಳು ಒಂದೇ ಮಾತು ಕೇಳಿದಳು: "ಇದನ್ನ ತಿನ್ನಕ್ಕಾಗ್ತದಾ?"

ಇಂಜಿನ್ನು ನೋಡಲು ಭರ್ಜರಿಯಾಗಿತ್ತು. ಹಳಿಯ ಮೇಲೆ ಇಟ್ಟಾಗ ಮಾತ್ರ ತೊಂದರೆ. ಮುಂದಿನ ಚಕ್ರ ಕೂರಿಸಿದರೆ ಹಿಂದಿನದು ಎದ್ದಿತು, ಹಿಂದಿನದು ಕೂರಿಸಿದರೆ ಮೂತಿ ಹಳಿ ಬಿಟ್ಟು ಗೋಡೆಯ ಕಡೆ ನೋಡಿತು. ಮಹೇಶ್‌ಕುಮಾರ್ ವಕಾರನಿಗೆ ಫೋನ್ ಹಚ್ಚಿದ.

"ಪೆಟ್ಟಿಗೆಲಿ ಪುಸ್ತಕ ಐತಲ್ಲ, ಓದಿ ಸಾರ್," ಎಂದ ವಕಾರ್. ಅವನು ಆಗಲೇ ಓದಿಕೊಂಡಿದ್ದ. "ದೊಡ್ಡ ಇಂಜಿನ್‌ಗೆ ದೊಡ್ಡ ತಿರುವು ಬೇಕಂತೆ. ಎಂಟಡಿ ಅಂತ ಬರ್ದವ್ರೆ."

"ನಮ್ಮ ನಡುಮನೆ ಹತ್ತಡಿ ಅದೆ ಕಣ್ರೀ!"

"ಅದು ಮಧ್ಯದಿಂದ ಎಂಟು ಸಾರ್. ಆ ಕಡೆ ಎಂಟು, ಈ ಕಡೆ ಎಂಟು."

ಮಹೇಶ್‌ಕುಮಾರ್ ಬೆರಳು ಮಡಿಸಿ ಲೆಕ್ಕ ಹಾಕಿದ. ವೃತ್ತದ ಒಂದು ಭಾಗ ಮನೆಯೊಳಗೆ ಹಿಡಿಸುತ್ತದೆ, ಉಳಿದದ್ದು ಗೋಡೆ ದಾಟಿ ಪಕ್ಕದ ಪುಟ್ಟಮಾದಮ್ಮನ ಹಿತ್ತಲಿಗೆ ಹೋಗುತ್ತದೆ. ಬೇರೆ ಯಾರೇ ಆಗಿದ್ದರೂ ಇಂಜಿನ್ನನ್ನು ವಾಪಸು ಕಳಿಸುತ್ತಿದ್ದರು. ಅವನು ಹಗ್ಗ, ಸುಣ್ಣದ ಪುಡಿ, ಒಂದಿಷ್ಟು ಗೂಟ ತೆಗೆದುಕೊಂಡು ಪುಟ್ಟಮಾದಮ್ಮನ ಹಿತ್ತಲಿಗೆ ಇಳಿದ. ಗೂಟ ಎದ್ದು ಕಾಣಲೆಂದು ಅವುಗಳ ತಲೆಗೆ ಸುಕನ್ಯಳ ಉಗುರುಬಣ್ಣ ಬಳಿದ. ಕೆಂಪು.

ಪುಟ್ಟಮಾದಮ್ಮ ಹೊಗೆಸೊಪ್ಪು ವಿಂಗಡಿಸುವ ಕೆಲಸ ಮುಗಿಸಿ ಮನೆಗೆ ಬಂದಾಗ, ಕೋಳಿಗೂಡಿನಿಂದ ನುಗ್ಗೆಮರದವರೆಗೆ ಬಾಗಿದ ಬಿಳಿ ಗೆರೆ, ಗೆರೆಯ ಉದ್ದಕ್ಕೂ ಕೆಂಪು ತಲೆಯ ಗೂಟ.

"ಏನಪ್ಪಾ ಮಯೇಸಾ ಇದು?"

'ಆಟದ ರೈಲು ಅಮ್ಮಾ' ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಲವತ್ತು ದಾಟಿದ ಗಂಡಸು, ಟೆಕ್ನಿಕಲ್ ಮನುಷ್ಯ, ಆ ಮಾತು ಆಡುವುದು ಹೇಗೆ? ಅವನು ಗಂಟಲು ಸರಿಮಾಡಿಕೊಂಡ. "ರೈಲಿಗೆ ಅಮ್ಮಾ. ಇಂಜಿನ್ನು ದೊಡ್ಡದು, ಸಣ್ಣ ತಿರುವಲ್ಲಿ ತಿರುಗಲ್ಲ. ತಿರುವು ನಿಮ್ಮ ಹಿತ್ತಲ ಮೇಲೇ ಬತ್ತದೆ. ಏನ್ ಮಾಡಕ್ಕಾಗಲ್ಲ."

ಒಂದೊಂದು ಮಾತೂ ಸತ್ಯ. ಪುಟ್ಟಮಾದಮ್ಮ ತಲೆಯ ಮೇಲೆ ಕೈ ಹೊತ್ತು ಕೋಳಿಗೂಡಿನ ಪಕ್ಕ ಕುಕ್ಕರಿಸಿದಳು.

ಆ ಸೀಮೆಯಲ್ಲಿ ರೈಲು ಬರುತ್ತದೆ ಎಂಬ ಮಾತು ರೈಲಿಗಿಂತ ಎಷ್ಟೋ ಮುಂಚೆ ಬಂದು ಕೂತಿತ್ತು. ಅಜ್ಜ ಕಾದು ಹೋದ, ಅಪ್ಪ ಕಾದು ಹೋದ, ಈಗ ಮೊಮ್ಮಕ್ಕಳ ಸರದಿ. ಕೆಂಪು ತಲೆಯ ಗೂಟ ಎಂದರೆ ಏನೆಂದು ಅಲ್ಲಿನ ಕೂಸಿಗೂ ಗೊತ್ತು. ಸಂಜೆಯ ಹೊತ್ತಿಗೆ ಪಂಚಾಯ್ತಿ ಮೆಂಬರು ಚಿಕ್ಕಮಾದುವಿನ ಟೀ ಅಂಗಡಿಯಲ್ಲಿ ರೈಲು ಗೊಬ್ಬಳಿಕೊಪ್ಪಲಿಗೆ ಬಂದು ನಿಂತೇಬಿಟ್ಟಿತ್ತು. ಸ್ಟೇಷನ್ ಎಲ್ಲಿ ಎಂಬುದರ ಮೇಲೆ ಎರಡು ಪಾರ್ಟಿಗಳಾಗಿ, ಒಬ್ಬನ ಅಂಗಿ ಹರಿದಿತ್ತು.

ಮಾರನೇ ಬೆಳಗ್ಗೆ ಮಹೇಶ್‌ಕುಮಾರನ ಜಗಲಿ ತುಂಬ ಜನ. ಚಿಕ್ಕಮಾದು ಒಂದು ಹುಂಜವನ್ನು ಕಂಕುಳಲ್ಲಿ ಅಮುಕಿಕೊಂಡು ಮುಂದೆ ನಿಂತಿದ್ದ.

"ಮಯೇಸಣ್ಣಾ, ನೀನು ಇಂಥ ಮನ್ಸ ಅಂತ ಗೊತ್ತೇ ಇರ್ನಿಲ್ಲ ಕಣಣ್ಣೋ. ಆ ತಿರುವ ವಸಿ ನಮ್ಮ ಒಲದ ಮ್ಯಾಲೆ ಎಳ್ದು ಬುಡು. ಕಲ್ಲುಬೂಮಿ, ಏನೂ ಬೆಳೆಯಾಕಿಲ್ಲ, ಪರಿಹಾರ ಆದ್ರೂ ಬೆಳೀಲಿ."

"ನಮ್ಮ ಒಲ ಮಾತ್ರ ಮುಟ್ಬ್ಯಾಡ ಕಣಪ್ಪಾ, ನೀರಾವರಿ!" ಎಂದು ಹಿಂದಿನಿಂದ ಇನ್ನೊಬ್ಬ ಕುಂಬಳಕಾಯಿ ಎತ್ತಿ ತೋರಿಸಿದ.

ಮಹೇಶ್‌ಕುಮಾರ್ ಬಾಯಿ ತೆರೆದ, ಹುಂಜ ನೋಡಿದ, ಬಾಯಿ ಮುಚ್ಚಿದ. ಆಮೇಲೆ ಮೆಲ್ಲಗೆ, ದೊಡ್ಡ ಮನುಷ್ಯರು ಮಾತಾಡುವ ಹಾಗೆ ಎಲ್ಲರ ತಲೆಯ ಮೇಲಿಂದ ದೂರಕ್ಕೆ ನೋಡುತ್ತ ಹೇಳಿದ: "ಟೆಕ್ನಿಕಲ್ಲಾಗಿ ನೋಡಿದ್ರೆ, ನನ್ನ ಕೈಲಿ ಏನೂ ಇಲ್ಲ. ಇಂಜಿನ್ನು ಎಲ್ಲಿ ತಿರುಗ್ತದೋ ಅಲ್ಲಿ."

ಹೀಗೆ ಕೈಯಲ್ಲಿ ಏನೂ ಇಲ್ಲ ಎನ್ನುವವರ ಕೈಯಲ್ಲೇ ಎಲ್ಲ ಇರುತ್ತದೆ ಎಂದು ಜನಕ್ಕೆ ಅನುಭವವಿತ್ತು. ಹುಂಜ, ಕುಂಬಳಕಾಯಿ, ಹಾಲು, ಬೆಲ್ಲ ಒಳಗೆ ಹೋದವು. ಸುಕನ್ಯ ನೀರು ತರಲು ಹೋದಾಗ ಹೆಂಗಸರ ಮುಂದೆ ಬಾಯಿ ಬಿಟ್ಟೇಬಿಟ್ಟಳು: "ಅದು ಆಟದ ರೈಲು ಕಣ್ರವ್ವಾ. ಪೆಟ್ಟಿಗೆಲಿ ಬಂದದೆ." ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. "ನೋಡು, ಗಂಡನ ಗುಟ್ಟು ಎಂಗ್ ಕಾಯ್ತಾವ್ಳೆ! ಇದ್ರೆ ಇಂಗಿರ್ಬೇಕು ಎಂಡ್ತಿ."

ಜನರ ಹಿಂದೆ ಬಂದದ್ದು ಸರ್ಕಾರ. ಗ್ರಾಮದ ಆಡಳಿತಾಧಿಕಾರಿ ಸಂಘಮಿತ್ರ ಸ್ಕೂಟರ್ ನಿಲ್ಲಿಸಿ, ಗೂಟ ನೋಡಿ, ನೇರ ಒಳಗೆ ಬಂದಳು. "ಯಾರ ಆರ್ಡರ್ ಮೇಲೆ ಇದು?"

ಮಹೇಶ್‌ಕುಮಾರ್ ಎದ್ದು ನಿಂತ. "ಪುಸ್ತಕ ಬಂದಿದೆ ಮೇಡಂ. ತಿರುವು ಎಂಟಡಿ ಕಡ್ಡಾಯ ಅಂತಿದೆ." ಇಂಜಿನ್ನಿನ ಜೊತೆ ಬಂದ ಕೈಪಿಡಿ ಕೊಟ್ಟ. ಅದು ಐದಾರು ಭಾಷೆಗಳಲ್ಲಿತ್ತು. ಗಡಿಬಿಡಿಯಲ್ಲಿ ಜರ್ಮನ್ ಪುಟ ತೆರೆದು ಕೊಟ್ಟಿದ್ದ.

ಸಂಘಮಿತ್ರ ಇಂಜಿನ್ನಿನ ನಕ್ಷೆ ನೋಡಿದಳು, ಅರ್ಥವಾಗದ ಅಕ್ಷರ ನೋಡಿದಳು. ಅವಳ ದನಿ ಇಳಿಯಿತು. ಅಂಗಳಕ್ಕೆ ಹೋಗಿ ಮೇಲಿನವರಿಗೆ ಫೋನ್ ಮಾಡಿದಳು. ಮೇಲಿನವರು ಯೋಚಿಸಿ ಹೇಳಿದರು: "ನಮಗೆ ತಿಳಿಸದೇ ಬಂದಿದೆ ಅಂದ್ರೆ ಬಹಳ ಮೇಲಿನಿಂದ ಬಂದಿದೆ ಕಣಮ್ಮಾ. ಅಡ್ಡಿ ಮಾಡಬೇಡಿ, ಸಹಕಾರ ಕೊಡಿ. ಆದರೆ ಬರವಣಿಗೆಯಲ್ಲಿ ಏನೂ ಕೊಡಬೇಡಿ." ಸಂಘಮಿತ್ರ ಒಳಗೆ ಬಂದು ಮಹೇಶ್‌ಕುಮಾರನಿಗೆ ಕೈ ಮುಗಿದು ಹೋದಳು. ಆ ಕ್ಷಣದಿಂದ ಆ ರೈಲು ಅವನಿಗೂ ಸ್ವಲ್ಪ ಸ್ವಲ್ಪ ನಿಜ ಅನ್ನಿಸತೊಡಗಿತು.

ಸುದ್ದಿ ಕೆ.ಆರ್. ನಗರಕ್ಕೆ ಮುಟ್ಟದೆ ಇರುತ್ತದೆಯೇ? ಮಾರ್ನಮಿ ಅಮಾವಾಸ್ಯೆಗೆ ಹಿರಿಯರ ಹಬ್ಬದ ಊಟಕ್ಕೆ ಹೋದಾಗ ದಾಸಯ್ಯ ಬಾಗಿಲಿಗೇ ಬಂದು ಕೈ ಹಿಡಿದುಕೊಂಡರು. ಕಾಲಿಗೆ ನೀರು ಕೊಟ್ಟರು. ಮೊದಲನೇ ಎಲೆಯ ಮುಂದೆ ಕೂತಿದ್ದ ಕಿರಣ್‌ಕುಮಾರನನ್ನು ಎಬ್ಬಿಸಿದರು.

"ಮಾವ, ನಮ್ಮ ಡಿಪಾರ್ಟ್‌ಮೆಂಟಿಗೆ ಇಂಥದ್ದೇನೂ ಸುದ್ದಿ ಬಂದಿಲ್ವಲ್ಲ," ಎಂದ ಕಿರಣ್‌ಕುಮಾರ್.

"ನಿನಗ್ಯಾಕಪ್ಪಾ ಬತ್ತದೆ? ನೀನು ಟಿಕೇಟು ಕೊಡೋನು. ರೈಲಲ್ಲಿ ಕೆಲ್ಸ ಮಾಡೋದ್ ಬ್ಯಾರೆ, ರೈಲೇ ತರೋದ್ ಬ್ಯಾರೆ. ಜರುಗು, ಜರುಗು."

ನಲ್ಲಿಮೂಳೆ ಮಹೇಶ್‌ಕುಮಾರನ ಎಲೆಗೆ ದೊಪ್ಪನೆ ಬಿತ್ತು. ಆ ಸದ್ದಿನಲ್ಲಿ ಅವನ ಜನ್ಮ ಸಾರ್ಥಕವಾಯಿತು. ಆ ಸುಖದಲ್ಲಿ ಬಾಯಿ ಜಾರಿ, "ಆಯುಧಪೂಜೆಗೆ ಎಲ್ಲಾರೂ ನಮ್ಮೂರಿಗೆ ಬನ್ನಿ. ಕಣ್ಣಾರೆ ನೋಡಿವ್ರಂತೆ," ಎಂದ. ಸುಕನ್ಯ ಅಡುಗೆಮನೆಯೊಳಗೆ ಸೌಟು ಬೀಳಿಸಿದಳು.

ಈಗ ಇಂಜಿನ್ನು ತಿರುಗಲೇಬೇಕಿತ್ತು. ತಿರುಗದಿದ್ದರೆ ಎಲೆ ಹೋಯಿತು. ಪುಟ್ಟಮಾದಮ್ಮನ ಹಿತ್ತಲಿನ ದಾರಿ ಮುಚ್ಚಿಹೋಗಿತ್ತು. ಅವಳು ಗೂಟವೊಂದನ್ನು ಕಿತ್ತು ಆ ಜಾಗದಲ್ಲಿ ಕಲ್ಲು ನೆಟ್ಟು, ಅರಿಶಿನ ಕುಂಕುಮ ಮೆತ್ತಿ, ಮಾರಮ್ಮ ಎಂದು ಹೆಸರಿಟ್ಟು, ಪಕ್ಕದಲ್ಲಿ ಪೊರಕೆ ಹಿಡಿದು ಕೂತಿದ್ದಳು. ಉಳಿದದ್ದು ಹತ್ತಡಿಯ ನಡುಮನೆ ಮತ್ತು ಬಿಗಿ ತಿರುವಿನ ಆ ಮಕ್ಕಳ ಹಳಿ. ಮಹೇಶ್‌ಕುಮಾರ್ ಹಗಲೆಲ್ಲ ಕೂತು ಯೋಚಿಸಿ ಒಂದು ಸಿದ್ಧಾಂತ ಕಂಡುಹಿಡಿದ. ಹುಣಸೂರಿನ ಬಸ್ಸು ತಿರುವಿನಲ್ಲಿ ಜೋರಾಗಿ ಹೋದಾಗ ಒಂದು ಕಡೆ ವಾಲುತ್ತದೆ; ವಾಲಿದ್ದಕ್ಕೇ ತಿರುಗುತ್ತದೆ. ಆದ್ದರಿಂದ ಇಂಜಿನ್ನನ್ನೂ ಜೋರಾಗಿ ಬಿಟ್ಟರೆ ವಾಲಿಕೊಂಡು ತಿರುಗುತ್ತದೆ. ಓಟಕ್ಕೆಂದು ಗುಂಡಗಿನ ಹಳಿಯ ನಡುವೆ ನೇರ ಹಳಿಯ ತುಂಡುಗಳನ್ನು ತರಿಸಿ ಸೇರಿಸಿದ. ವಕಾರನಿಗೆ ಫೋನ್ ಮಾಡಿ ವಿವರಿಸಿದ. "ಬಿಡಿ ಸಾರ್, ಅಲ್ಲಾ ದೊಡ್ಡವನು," ಎಂದ ವಕಾರ್, ಮಾರಿದ ಮಾಲು ವಾಪಸಿಲ್ಲ ಎಂಬುದನ್ನೂ ಸೇರಿಸಿದ.

ಆಯುಧಪೂಜೆಯ ಬೆಳಗ್ಗೆ ಕೊಪ್ಪಲಿಗೆ ಕೊಪ್ಪಲೇ ಮಹೇಶ್‌ಕುಮಾರನ ಮನೆಗೆ ನುಗ್ಗಿತು. ಕಿಟಕಿಗಳಲ್ಲಿ ತಲೆಗಳು. ದಾಸಯ್ಯ ಬಿಳಿ ಪಂಚೆಯುಟ್ಟು ಎದುರು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಒಂದು ಪಕ್ಕದಲ್ಲಿ ಕಿರಣ್‌ಕುಮಾರ್, ಇನ್ನೊಂದು ಪಕ್ಕದಲ್ಲಿ ಪಾಯಸದ ಪಾತ್ರೆ. ಸಂಘಮಿತ್ರ ಬಂದಿದ್ದೂ ಬಾರದ್ದೂ ಎರಡೂ ಆಗುವಂತೆ ಹೊಸಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದಳು. ಮಹೇಶ್‌ಕುಮಾರ್ ನಡುವೆ ಮುಚ್ಚಿದ್ದ ಟವೆಲ್ ಸರಿಸಿದ. ಹಳಿಯ ಮೇಲೆ ಇಂಜಿನ್ನು ಮಿರಮಿರ ಮಿಂಚಿತು.

ಮಹೇಶ್‌ಕುಮಾರ್ ಕಣ್ಣು ಮುಚ್ಚಿಕೊಂಡ. ಇನ್ನೇನು ನಗು ಸಿಡಿಯುತ್ತದೆ, ಎಲೆ ಹೋಗುತ್ತದೆ.

"ಸ್ಯಾಂಪಲ್ಲು!" ಎಂದ ಚಿಕ್ಕಮಾದು.

"ಆಂ... ಸ್ಯಾಂಪಲ್ಲಾ!" ಎಂದಿತು ಮನೆ.

"ಮತ್ತೆ? ನಿಜವಾದ್ದ ಸುಮ್ಕೆ ತಂದು ಬುಟ್ಟಾರಾ? ಮೊದ್ಲು ಸಣ್ಣದು ಓಡುಸ್ತಾರೆ. ಇದು ತಿರುಗುದ್ರೆ ಅದು ಬತ್ತದೆ. ಇದು ತಿರುಗ್ನಿಲ್ಲ, ಅದು ಬರಾಕಿಲ್ಲ. ಅಲ್ವಾ ಮಯೇಸಣ್ಣ?"

ಮಹೇಶ್‌ಕುಮಾರ್ ಬಗ್ಗಿ ಇಂಜಿನ್ನಿನ ಧೂಳು ಒರೆಸಿದ. ಊರೆಲ್ಲ ಕೈ ಮುಗಿಯಿತು. ಚಿಕ್ಕಮಾದುವಿನ ಪಾರ್ಟಿ ತಿರುಗಲಿ ಎಂದು ಹರಕೆ ಹೊತ್ತಿತು, ಪುಟ್ಟಮಾದಮ್ಮ ಕಿಟಕಿಯ ಆಚೆಯಿಂದ ತಿರುಗದಿರಲಿ ಎಂದು ಎರಡು ಕೋಳಿಯ ಹರಕೆ ಹೊತ್ತಳು. ಇಂಜಿನ್ನಿಗೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ ಆಯಿತು. ಚಕ್ರದಡಿಗೆ ನಿಂಬೆಹಣ್ಣು ಇಟ್ಟರೆ ಚಕ್ರಕ್ಕಿಂತ ಹಣ್ಣೇ ಎತ್ತರವಾಯಿತು. ದಾಸಯ್ಯನವರ ಸಲಹೆಯಂತೆ ಬಟಾಣಿ ಗಾತ್ರದ ಸುಂಡೆಕಾಯಿ ತಂದಿಟ್ಟರು. ಬೂದುಗುಂಬಳ ಒಡೆಯಿತು. ಮಹೇಶ್‌ಕುಮಾರ್ ಮನಸ್ಸಿನಲ್ಲಿ ಹುಣಸೂರಿನ ಬಸ್ಸನ್ನು ನೆನೆದು ವೇಗದ ತಿರುಪನ್ನು ಕೊನೆಯವರೆಗೆ ತಿರುಗಿಸಿದ.

ಇಂಜಿನ್ನು ಸಿಳ್ಳು ಹಾಕಿತು. ಸುಂಡೆಕಾಯಿ ಚಟ್ಟನೆ ಸಿಡಿಯಿತು. ನೇರ ಹಳಿಯ ಮೇಲೆ ಅದು ಓಡಿದ ಠೀವಿಯೇ ಠೀವಿ. ಆಮೇಲೆ ತಿರುವು ಬಂತು. ಹಳಿ ತಿರುಗಿತು. ಇಂಜಿನ್ನು ತಿರುಗಲಿಲ್ಲ. ವಾಲಲೂ ಇಲ್ಲ. ಅದು ತನಗೆ ಸರಿಕಂಡ ದಾರಿಯಲ್ಲಿ ನೆಟ್ಟಗೆ ಹೋಗಿ, ಆರತಿ ತಟ್ಟೆ ಹಾರಿಸಿ, ಪಾಯಸದ ಪಾತ್ರೆಗೆ ಗುದ್ದಿ, ಬಿಸಿ ಪಾಯಸವನ್ನು ಮಾವನವರ ಪಂಚೆಗೆ ಸಮರ್ಪಿಸಿ, ಅವರ ಎರಡು ಕಾಲಿನ ನಡುವೆ ಮಗ್ಗುಲಾಗಿ ಬಿದ್ದು, ಚಕ್ರ ಆಡಿಸುತ್ತ ಸಿಳ್ಳು ಹಾಕುತ್ತಲೇ ಇತ್ತು.

"ನಮ್ಮವ್ವ ಮಾರಮ್ಮ ಕಾಪಾಡುದ್ಲು!" ಎಂದು ಕಿಟಕಿಯ ಆಚೆ ಪುಟ್ಟಮಾದಮ್ಮ ಚಪ್ಪಾಳೆ ತಟ್ಟಿದಳು.

ಚಿಕ್ಕಮಾದು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿದ. "ತಿರುಗ್ನಿಲ್ಲ. ಮೂರು ತಲೆಯಿಂದ ಕಾಯ್ತಿದ್ದ ರೈಲು, ಇವನ ಕೈಲಿ ಓಯ್ತು."

ಆಗ ಮಹೇಶ್‌ಕುಮಾರ್ ಜೀವನದಲ್ಲಿ ಮೊದಲ ಸಲ ಟೆಕ್ನಿಕಲ್ ಪದ ಬಿಟ್ಟು ಮಾತಾಡಿದ. "ಅಯ್ಯೋ, ಇದು ಆಟದ ಸಾಮಾನು ಕಣ್ರೋ! ಹುಣಸೂರಲ್ಲಿ ತಗೊಂಡಿದ್ದು! ಸರ್ಕಾರಕ್ಕೂ ಇದಕ್ಕೂ ಸಂಬಂಧ ಇಲ್ಲ!"

"ಕೆಡಿಸ್ಬುಟ್ಟು ಈಗ ಆಟದ ಸಾಮಾನು ಅಂತಾನೆ ನೋಡಿ," ಎಂದ ಚಿಕ್ಕಮಾದು. ಯಾರೊಬ್ಬರೂ ನಂಬಲಿಲ್ಲ. ಮೊದಲಿನ ಮಾತು ಬಂದ ಬಾಯಿಂದಲೇ ಇದೂ ಬಂದಿತ್ತಲ್ಲ, ಅದನ್ನು ನಂಬಿದವರು ಇದನ್ನೂ ನಂಬಬಹುದಿತ್ತು. ಆದರೆ ನಂಬಿದರೆ ತಾವೂ ಕತ್ತೆಗಳಾಗುತ್ತಿದ್ದರು. ಸುಲಭದ ದಾರಿ ಹಿಡಿದರು. ಕುಂಬಳಕಾಯಿಯವನು ಅಡುಗೆಮನೆಗೆ ನಡೆದು ತನ್ನ ಕಾಯಿ ಎತ್ತಿಕೊಂಡು ಹೋದ. ಹುಂಜ ಆಗಲೇ ಸಾರಾಗಿ ಹೋಗಿತ್ತು, ಅದಕ್ಕೆ ಬದಲು ಚಿಕ್ಕಮಾದು ಆ ಮನೆಯ ಕೊಡ ಎತ್ತಿಕೊಂಡ. ಹೊಸಿಲ ಮೇಲೆ ನೋಡಿದರೆ ಸಂಘಮಿತ್ರ ಇರಲಿಲ್ಲ; ಬಂದೇ ಇರಲಿಲ್ಲವಂತೆ. ಕಿರಣ್‌ಕುಮಾರ್ ಮಾತ್ರ ಇಂಜಿನ್ನನ್ನು ಮಾವನ ಕಾಲಿನಿಂದ ಬಿಡಿಸಿ, ಪಾಯಸ ಒರೆಸಿ, ಮೆಲ್ಲಗೆ ಕೊಟ್ಟ. "ಪಾಪ, ಬೇಜಾರ್ ಮಾಡ್ಕೋಬೇಡಿ ಅಣ್ಣ," ಎಂದ.

ಗೊಬ್ಬಳಿಕೊಪ್ಪಲಿನಲ್ಲಿ ಇವತ್ತಿಗೂ ಯಾರನ್ನಾದರೂ ಕೇಳಿ, ರೈಲು ಯಾಕೆ ಬರಲಿಲ್ಲ ಎಂದು. ಮಹೇಶ್‌ಕುಮಾರನ ಮನೆಯ ಕಡೆ ಕೈ ತೋರಿಸುತ್ತಾರೆ. ಮೇಲಿನವರಿಗೂ ಅದೇ ಅನುಕೂಲ.

ಮುಂದಿನ ಯುಗಾದಿ ಬಂತು, ಹೊಸತೊಡಕೂ ಬಂತು. ಆ ಸಲ ದಾಸಯ್ಯನವರ ಮನೆ ತುಂಬ ನೆಂಟರು. ಪಂಕ್ತಿ ಗೋಡೆಯ ಉದ್ದಕ್ಕೂ ಸಾಗಿ, ಜಾಗ ಸಾಲದೆ, ಮೂಲೆಯಲ್ಲಿ ಫ್ರಿಜ್ಜಿನ ಪಕ್ಕ ಬಾಗಿ, ಆ ಕಡೆಯ ಗೋಡೆ ಹಿಡಿದಿತ್ತು. ದಾಸಯ್ಯ ಹೊಸ ಪಂಚೆಯ ಅಂಚು ಎತ್ತಿ ಹಿಡಿದು ಬಂದು ಹೇಳಿದರು: "ಮಯೇಸ, ನಿನ್ನ ಎಲೆ ಅಗೋ, ಆ ತಿರುವಲ್ಲಿ ಅದೆ."

ಗೋಡೆಗೂ ಫ್ರಿಜ್ಜಿಗೂ ನಡುವೆ ಹೊಟ್ಟೆ ಹಿಂದಕ್ಕೆಳೆದುಕೊಂಡು ಮಹೇಶ್‌ಕುಮಾರ್ ಕೂತ. ಎಲೆಯ ತುದಿಯಲ್ಲಿ ಉಪ್ಪು ಬಿತ್ತು, ಮುದ್ದೆ ಬಿತ್ತು. ಅಡುಗೆಮನೆಯಿಂದ ನಾದಿನಿ ಸುಧಾ ಸಾರಿನ ದೊಡ್ಡ ಪಾತ್ರೆ ಎರಡು ಕೈಯಲ್ಲಿ ಹಿಡಿದು ಹೊರಟಳು. ಮೊದಲನೇ ಎಲೆಯಲ್ಲಿ ಕಿರಣ್‌ಕುಮಾರನಿಗೆ ನಲ್ಲಿಮೂಳೆ ಬಿದ್ದ ಸದ್ದು ಮೂಲೆಯವರೆಗೂ ಕೇಳಿತು. ಬಡಿಸುತ್ತ ಬಡಿಸುತ್ತ ಅವಳು ಮೂಲೆಗೆ ಬಂದಳು. ಪಾತ್ರೆ ಫ್ರಿಜ್ಜಿಗೆ ತಾಗಿತು. ಹಿಂದಕ್ಕೆ ಸರಿದು ಓರೆ ಮಾಡಿದಳು, ಗೋಡೆಗೆ ತಾಗಿತು.

"ಪಾತ್ರೆ ದೊಡ್ಡದು ಕಣ್ ಬಾವ, ಇಲ್ಲಿ ತಿರುಗಲ್ಲ," ಎಂದು ಬಂದ ದಾರಿಯಲ್ಲೇ ವಾಪಸು ಹೊರಟಳು, ಇನ್ನೊಂದು ಬಾಗಿಲಿಂದ ಆ ಕಡೆಯ ಪಂಕ್ತಿಗೆ ಹೋಗಲು.

ಮಹೇಶ್‌ಕುಮಾರ್ ಬರೀ ಮುದ್ದೆಯನ್ನು ನೋಡಿದ. ಹೊಟ್ಟೆಯಿಂದ ಕೂಗು ಎದ್ದು ಬಂತು: "ತಿರುಗ್ತದೆ ಸುಧಾ! ವಸಿ ಜೋರಾಗಿ ಬಂದ್ರೆ ತಿರುಗ್ತದೆ!"

ದಾಸಯ್ಯ ಧಡಕ್ಕನೆ ಎದ್ದು ಪಂಚೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿಕೊಂಡರು. ಪಂಕ್ತಿಗೆ ಪಂಕ್ತಿಯೇ ಎಲೆ ಎತ್ತಿಕೊಂಡು ಗೋಡೆಗೆ ಅಂಟಿ ನಿಂತಿತು.